ಶಿಲೀಂಧ್ರವನ್ನು ಗಿಡದಲ್ಲೇ ಇರಲು ಬಿಡಿ

ಔಷಧೀಯ ಅಂಶಕ್ಕಾಗಿ ಗಿಡದೊಳಗಿನ ಶಿಲೀಂಧ್ರವನ್ನು (ಎಂಡೋಫೈಟ್) ಹೊರತೆಗೆದು ಟ್ಯಾಂಕಿನಲ್ಲಿ ಬೆಳೆಸುವ ಯೋಜನೆಗಳಿಗೆ ಇನ್ನು ಸರ್ಕಾರದ ಹಣ ಸುರಿಯಬಾರದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಬಯೋ-ಇ3 ನೀತಿಗೆ ಒಪ್ಪಿಗೆ ಕೊಟ್ಟ ಮೇಲೆ ಜೈವಿಕ ತಯಾರಿಕೆಯ ಹುರುಪು ಏರಿದೆ. ಅದರ ಬೆನ್ನಿಗೇ ‘ಮರ ಕಡಿಯಬೇಕಿಲ್ಲ, ಎಂಡೋಫೈಟ್ ಸಾಕು’ ಎಂಬ ಮೂವತ್ತು ವರ್ಷ ಹಳೆಯ ಭರವಸೆಯೂ ಎದ್ದು ಕೂತಿದೆ. ಹಾಗೆನ್ನುವವರು ಒಂದು ಸಂಖ್ಯೆಯನ್ನು ಮಾತ್ರ ಬಾಯಿಗೆ ತರುವುದಿಲ್ಲ.

1993ರಲ್ಲಿ ಅಮೆರಿಕದ ಮೊಂಟಾನಾದ ವಿಜ್ಞಾನಿಗಳು ಪೆಸಿಫಿಕ್ ಯೂ ಮರದ ಒಳತೊಗಟೆಯಲ್ಲಿ ಸಿಕ್ಕ ಶಿಲೀಂಧ್ರವೊಂದು ತಾನೇ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ತಯಾರಿಸುತ್ತದೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಸಿಕ್ಕದ್ದೆಷ್ಟು? ಲೀಟರಿಗೆ 24ರಿಂದ 50 ನ್ಯಾನೋಗ್ರಾಂ. ಕ್ಯಾನ್ಸರ್ ರೋಗಿಗೆ ಒಮ್ಮೆ ಕೊಡುವ ಪ್ರಮಾಣ ಸುಮಾರು 300 ಮಿಲಿಗ್ರಾಂ. 50ರ ಲೆಕ್ಕ ಹಿಡಿದರೂ ಒಬ್ಬರ ಒಂದು ಸರದಿಗೆ 60 ಲಕ್ಷ ಲೀಟರ್ ದ್ರಾವಣ ಬೇಕು! ಇಳುವರಿ ಹೆಚ್ಚಿಸಿದ್ದೇವೆ ಎಂಬ ವರದಿಗಳು ಆಮೇಲೆ ಬಂದವು, ನಿಜ. ಆದರೆ 2013ರಲ್ಲಿ ಇಂಥ ಶಿಲೀಂಧ್ರದ ಜೀನೋಮ್ ಜಾಲಾಡಿದವರಿಗೆ ಟ್ಯಾಕ್ಸಾಲ್ ತಯಾರಿಕೆಯ ಜೀನ್‌ಗಳೇ ಸಿಗಲಿಲ್ಲ. ಔಷಧ ಇವತ್ತಿಗೂ ಬರುತ್ತಿರುವುದು ಯೂ ಮರದ ಎಲೆಯಿಂದ, ಸಸ್ಯಕೋಶ ಕೃಷಿಯಿಂದ.

ದೂರದ ಉದಾಹರಣೆ ಬೇಡ ಎನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2010ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದದ್ದನ್ನು ಓದಲಿ. ಪಶ್ಚಿಮ ಘಟ್ಟದ ನೋಥಾಪೊಡೈಟಿಸ್ ಮರದಿಂದ ತೆಗೆದ ಶಿಲೀಂಧ್ರಗಳನ್ನು ಪ್ರಯೋಗಾಲಯದಲ್ಲಿ ತಟ್ಟೆಯಿಂದ ತಟ್ಟೆಗೆ ದಾಟಿಸಿದಂತೆ ಅವುಗಳಲ್ಲಿನ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ಔಷಧದ ಮೂಲವಸ್ತು ಕುಗ್ಗುತ್ತಾ ಹೋಯಿತು.

ಇನ್ನೊಂದು ದಾರಿ ಲಖನೌದಲ್ಲಿ ಕಂಡಿದೆ. ಅಲ್ಲಿನ ಕೇಂದ್ರ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ (ಸೀಮ್ಯಾಪ್) ವಿಜ್ಞಾನಿಗಳು ನಿತ್ಯಪುಷ್ಪದ ಎಲೆಯಿಂದ ತೆಗೆದ ಎರಡು ಶಿಲೀಂಧ್ರಗಳನ್ನು, ಎಂಡೋಫೈಟ್ ಇಲ್ಲದ ಅದೇ ಜಾತಿಯ ಗಿಡಗಳಿಗೆ ಸೇರಿಸಿದರು. ಎಲೆಯಲ್ಲಿ, ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್‌ನ ಪೂರ್ವವಸ್ತುವಾದ ವಿಂಡೊಲಿನ್ ಶೇ 229ರಿಂದ 403ರಷ್ಟು ಹೆಚ್ಚಿತು. 2016ರ ಈ ವರದಿಯಲ್ಲಿ ಮುಖ್ಯವಾದದ್ದು ಕೆಲಸ ಯಾರದು ಎಂಬುದು. ಶಿಲೀಂಧ್ರದ ಸಹವಾಸದಲ್ಲಿ ಗಿಡದ ಜೀನ್‌ಗಳೇ ಚುರುಕಾದವು, ತಡೆ ಹಾಕುವ ಜೀನ್‌ಗಳು ತಗ್ಗಿದವು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೊ ಒಣ ಎಲೆ ಬೇಕಾಗುವ ಬೆಳೆಗೆ ಇದು ಸಣ್ಣ ಸುದ್ದಿಯಲ್ಲ.

ವಿಂಡೊಲಿನ್ ಹೆಚ್ಚಿದ ಮಾತ್ರಕ್ಕೆ ವಿನ್‌ಬ್ಲಾಸ್ಟಿನ್ ಅಷ್ಟೇ ಹೆಚ್ಚುತ್ತದೆ ಎನ್ನಲಾಗದು, ಒಪ್ಪುತ್ತೇನೆ. ಪ್ರಯೋಗದ ಗಿಡವೇ ಬೇರೆ, ರೈತನ ಹೊಲವೇ ಬೇರೆ. ಹಾಗಾಗಿಯೇ ಹಣ ಹೊಲದ ಪರೀಕ್ಷೆಗೆ ಹೋಗಬೇಕು, ಮೊದಲಿಗೆ ಶಿಲೀಂಧ್ರನಾಶಕದ ಪ್ರಶ್ನೆಗೆ. ಕೆನಡಾದ ಗ್ವೆಲ್ಫ್‌ನಲ್ಲಿ ಯೂ ಗಿಡಗಳಿಗೆ ಶಿಲೀಂಧ್ರನಾಶಕ ಕೊಟ್ಟಾಗ ಟ್ಯಾಕ್ಸಾಲ್ ಇಳಿದಿತ್ತು. ಎಲೆಚುಕ್ಕೆ ಕಂಡೊಡನೆ ಔಷಧಿ ಹೊಡೆಯುವ ನಮ್ಮ ರೈತರಿಗೆ ಈ ಮಾತು ಹೇಳಿದವರು ಯಾರು?

ಹೇಳಿದರೂ ಅವರು ಕೇಳಲು ಕಾರಣ ಬೇಕಲ್ಲ. ಮೂಲಿಕೆ ಬಹುಪಾಲು ಮಾರಾಟವಾಗುವುದು ತೂಕಕ್ಕೆ. ಎಲೆಯಲ್ಲಿ ಔಷಧೀಯ ಅಂಶ ಎಷ್ಟು ಪಟ್ಟು ಏರಿದರೂ ರೈತನ ಕೈಗೆ ಬರುವುದು ಅಷ್ಟೇ ದುಡ್ಡು. ಔಷಧ ಕಂಪನಿಗಳ ಖರೀದಿ ಒಪ್ಪಂದದಲ್ಲಿ ಆ ಅಂಶವನ್ನು ಅಳೆದು ದರ ಕಟ್ಟುವ ಷರತ್ತು ಬರಲಿ. ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿ ನೆರವು ಕೊಡುವ ಬೆಳೆಗಳಿಂದಲೇ ಅದು ಶುರುವಾಗಲಿ.