ದೀಕ್ಷಾಸ್ನಾನಕ್ಕೆ ಮೊದಲು 1950ರ ಆದೇಶ ಓದಿಸಿ



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ನಮ್ಮ ಕೇರಿಗಳಿಂದ ಯಾರಾದ್ರೂ ಚರ್ಚಿಗೆ ಹೋದ್ರೆ ಅದು ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕು. ಅಕ್ಕಿ ಮೂಟೆಗೆ ಮತಾಂತರ ಆದ್ರು ಅನ್ನೋರು, ನಮ್ಮನ್ನ ಗುಡಿ ಹೊರಗೆ ಯಾಕೆ ನಿಲ್ಲಿಸಿದ್ರಿ ಅಂತ ಮೊದಲು ಹೇಳ್ಲಿ.

ಆದ್ರೆ ಫಾದರ್‌ಗಳನ್ನೂ ಕೇಳ್ಬೇಕಿದೆ. ವಯಸ್ಕರಿಗೆ ದೀಕ್ಷಾಸ್ನಾನಕ್ಕೆ ಮೊದಲು ಹಂತ ಹಂತವಾಗಿ ಜ್ಞಾನೋಪದೇಶ ಆಗ್ಬೇಕು ಅನ್ನೋದು 1972ರಲ್ಲಿ ರೋಮ್ ಹೊರಡಿಸಿದ ಕ್ರಮ. ಪ್ರಾರ್ಥನೆ, ಹತ್ತು ಕಟ್ಟಳೆ ಕಲಿಸಿ, ಬೇಡ ಅನ್ನಲ್ಲ. ಜೊತೆಗೆ 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾನೂ ಓದಿಸಿ. ಹಿಂದೂಗಳು, 1956ರಲ್ಲಿ ಸೇರಿದ ಸಿಖ್ಖರು, 1990ರಲ್ಲಿ ಸೇರಿದ ಬೌದ್ಧರು ಬಿಟ್ರೆ ಬೇರೆ ಧರ್ಮದೋರಿಗೆ ಆ ಪಟ್ಟೀಲಿ ಜಾಗ ಇಲ್ಲ. ಎಸ್‌ಸಿ ಸರ್ಟಿಫಿಕೇಟು, ಮೀಸಲು ಕ್ಷೇತ್ರ, ಅಟ್ರಾಸಿಟಿ ಕಾಯ್ದೆಯ ರಕ್ಷಣೆ ಎಲ್ಲಾ ಕೈತಪ್ಪುತ್ತೆ. ಜಾತಿ ಮಾತ್ರ ಬೆನ್ನು ಬಿಡಲ್ಲ.

ಚರ್ಚ್ ಒಳಗೂ ಜಾತಿ ತಾರತಮ್ಯ ಇದೆ ಅಂತ ಭಾರತದ ಕ್ಯಾಥೋಲಿಕ್ ಬಿಷಪರೇ 2016ರ ದಲಿತ ಸಬಲೀಕರಣ ನೀತೀಲಿ ಒಪ್ಕೊಂಡಿದ್ದಾರೆ. ಅದನ್ನೂ ಪಾಠಕ್ಕೆ ಸೇರಿಸಿ.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಘೋಷಿಸಿ, ದೀಕ್ಷೆ ತಗೊಂಡಿದ್ದು 1956ರಲ್ಲಿ. 21 ವರ್ಷ ಓದಿ, ತೂಗಿ ನೋಡಿದ್ರು. ನಮ್ಮ ಜನಕ್ಕೂ ಪೂರ್ತಿ ತಿಳ್ಕೊಂಡು ತೀರ್ಮಾನ ಮಾಡೋ ಹಕ್ಕಿದೆ. ಮುಚ್ಚಿಟ್ಟು ಕೊಟ್ಟ ದೀಕ್ಷೆ ವಿಶ್ವಾಸ ಅಲ್ಲ, ಮೋಸ.

ಜೈಭೀಮ್.