ಕಾಲೇಜಿನಲ್ಲಿ ಉಚಿತ ಹಣಕಾಸು ಕಾರ್ಯಾಗಾರ: ಪಾಠವೋ, ಪ್ರಚಾರವೋ?

ಬ್ಯಾಂಕುಗಳು, ಷೇರು ಆ್ಯಪ್ ಕಂಪನಿಗಳು ಕಾಲೇಜುಗಳ ಜೊತೆ ಸೇರಿ ‘ಹಣಕಾಸು ಸಾಕ್ಷರತೆ’ ಕಾರ್ಯಾಗಾರ ನಡೆಸುವುದುಂಟು. ಪ್ರವೇಶ ಉಚಿತ, ಸರ್ಟಿಫಿಕೇಟ್ ಕೂಡ ಸಿಗುತ್ತದೆ. ಇದರಿಂದ ವಿದ್ಯಾರ್ಥಿಗೆ ನಿಜವಾಗಿ ಉಪಯೋಗವಿದೆಯೇ?

ಪಾಠ ಯಾವಾಗ ಸಿಗುತ್ತದೆ ಎಂಬುದು ಮುಖ್ಯ. 201 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2014ರ ವಿಶ್ಲೇಷಣೆಯೊಂದು, ಹಣಕಾಸು ಪಾಠದ ಪರಿಣಾಮ ತೀರಾ ಸಣ್ಣದು, ದಿನ ಕಳೆದಂತೆ ಅದೂ ಮಾಸುತ್ತದೆ ಎಂದಿತು. ನಂತರದ ಕೆಲವು ಅಧ್ಯಯನಗಳು ಇಷ್ಟು ನಿರಾಶೆ ಮೂಡಿಸುವುದಿಲ್ಲ. ಆದರೂ ಶಿಕ್ಷಣ ಸಾಲಕ್ಕೆ ಸಹಿ ಹಾಕುವ ಮುನ್ನ, ಮೊದಲ ಸಂಬಳ ಕೈಸೇರುವ ಮುನ್ನ ಕೇಳಿದ ಪಾಠವೇ ಹೆಚ್ಚು ನೆರವಾದೀತು.

ಪಾಠ ಹೇಳುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಕ್ರೆಡಿಟ್ ಕಾರ್ಡ್‌ನಲ್ಲಿ ‘ಮಿನಿಮಮ್ ಡ್ಯೂ’ ಕಟ್ಟಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಅದರಿಂದ ತಡಪಾವತಿ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ 3.5% ಎಂದರೆ ವರ್ಷಕ್ಕೆ 42%! ಕಾರ್ಡ್ ಮಾರಲು ಬಂದವರು ಇದನ್ನು ಒತ್ತಿ ಹೇಳುತ್ತಾರೆಯೇ?

ಮಾರಾಟದ ಉದ್ದೇಶವಿಲ್ಲದ ದಾರಿಯೂ ಇದೆ. ಆರ್‌ಬಿಐ, ಸೆಬಿ, ಐಆರ್‌ಡಿಎಐ, ಪಿಎಫ್‌ಆರ್‌ಡಿಎ ಸೇರಿ ಸ್ಥಾಪಿಸಿದ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರವು ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿಯೇ ‘ಫ್ಯಾಕ್ಟ್’ ಎಂಬ ಕಾರ್ಯಕ್ರಮ ರೂಪಿಸಿದೆ. ನಿಮ್ಮ ಕಾಲೇಜು ಇದರ ಬಗ್ಗೆ ವಿಚಾರಿಸಬಹುದು.

ಕಾರ್ಯಾಗಾರದ ಆಹ್ವಾನ ಬಂದರೆ ಇಷ್ಟು ಕೇಳಿ: ಅಲ್ಲೇ ಖಾತೆ ತೆರೆಯಬೇಕೆ? ಆಧಾರ್, ಪ್ಯಾನ್ ಕೊಡಬೇಕೆ? ರೆಫರಲ್ ಕೋಡ್ ಇದೆಯೆ? ಹೌದು ಎಂದಾದರೆ ಅಲ್ಲಿ ಪಾಠದ ಜೊತೆ ಮಾರಾಟವೂ ನಡೆಯುತ್ತಿದೆ. ಪಾಠ ಕೇಳಿಸಿಕೊಳ್ಳಿ, ಸಹಿಗೆ ಮಾತ್ರ ಅವಸರ ಬೇಡ.