ಕಾಲಿಗೆ ಬಿದ್ದ ಗುಂಡಿನ ಲೆಕ್ಕ ಯಾರ ಬಳಿ ಇದೆ?

ತ್ಯಾವರೆಕೊಪ್ಪದ ಸಫಾರಿಯಲ್ಲಿ ಎಷ್ಟು ಹುಲಿ ಇವೆ, ಎಷ್ಟು ಹುಟ್ಟಿದವು, ಎಷ್ಟು ಸತ್ತವು ಅನ್ನೋ ಲೆಕ್ಕ ಪ್ರತಿವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಹೋಗುತ್ತದೆ. ಅದೇ ರಸ್ತೆಯಲ್ಲಿ ಶಿವಮೊಗ್ಗಕ್ಕೆ ಬನ್ನಿ. ಇಲ್ಲೂ ಭದ್ರಾವತಿಯಲ್ಲೂ ಕಳೆದ ಐದು ವರ್ಷದಲ್ಲಿ ಪೊಲೀಸರು ಎಷ್ಟು ಆರೋಪಿಗಳ ಕಾಲಿಗೆ ಗುಂಡು ಹೊಡೆದರು ಎಂದು ತಿಳಿಯಬೇಕಾದರೆ ಹಳೆಯ ಪತ್ರಿಕೆಗಳನ್ನೇ ತಿರುವಿಹಾಕಬೇಕು.

ಹೀಗೆ ಸುದ್ದಿ ಕೂಡಿಸಿ ಮಾಡಿದ ಲೆಕ್ಕ ನಂಬಬಹುದಾ? ಎಣಿಕೆಯ ಮಟ್ಟಿಗೆ, ಬಹುಪಾಲು ಹೌದು. ಅಮೆರಿಕದಲ್ಲಿ ಪೊಲೀಸ್ ಹಿಂಸೆಗೆ ಸತ್ತವರನ್ನು ಪತ್ರಕರ್ತರು, ಹವ್ಯಾಸಿಗಳು ಸುದ್ದಿಗಳಿಂದಲೇ ಎಣಿಸಿದರು. 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ಆ ಪಟ್ಟಿಗಳನ್ನು ಸರ್ಕಾರಿ ಮರಣ ದಾಖಲೆಯ ಪಕ್ಕ ಇಟ್ಟು ನೋಡಿತು. 1980ರಿಂದ 2018ರವರೆಗಿನ ಇಂಥ ಸಾವುಗಳಲ್ಲಿ ಶೇ. 55ಕ್ಕೂ ಹೆಚ್ಚು ಸರ್ಕಾರದ ದಾಖಲೆಯಲ್ಲೇ ತಪ್ಪಿಹೋಗಿದ್ದವು!

ಆದರೆ ಅದು ಹೆಣದ ಲೆಕ್ಕ. ನಮ್ಮದು ಗಾಯದ ಲೆಕ್ಕ. 2014ರ ಪಿಯುಸಿಎಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎನ್‌ಕೌಂಟರ್ ಸಾವಿಗೆ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯಿಂದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ ಮಾಡಿತು. ಆರು ತಿಂಗಳಿಗೊಮ್ಮೆ ಮಾನವ ಹಕ್ಕು ಆಯೋಗಕ್ಕೆ ಪಟ್ಟಿ ಕಳಿಸಬೇಕು ಎಂದಿತು. ತೀವ್ರ ಗಾಯಕ್ಕೂ ಇದೆಲ್ಲ ಅನ್ವಯ, ಆದರೆ 'ಸಾಧ್ಯವಾದಷ್ಟು' ಮಟ್ಟಿಗೆ. ಆ ಆರು ತಿಂಗಳ ಪಟ್ಟಿ ಇರೋದು ಸತ್ತವರದ್ದು. ಕುಂಟುತ್ತ ಬದುಕಿದವರು ನುಸುಳಿಹೋಗೋದು ಇದೇ ಸಂದಿಯಲ್ಲಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 2022ರ ಆಗಸ್ಟ್ 15ರಂದು ನಗರದಲ್ಲಿ ಫ್ಲೆಕ್ಸ್ ಗಲಾಟೆ, ಚೂರಿ ಇರಿತ ಆಯಿತು. ಆರೋಪಿಯೊಬ್ಬನ ಕಾಲಿಗೆ ಗುಂಡು ಬಿತ್ತು. ಬಂಧಿಸಲು ಹೋದಾಗ ಹಲ್ಲೆಗೆ ಯತ್ನಿಸಿದ, ಆತ್ಮರಕ್ಷಣೆಗೆ ಗುಂಡು ಹಾರಿಸಲಾಯಿತು ಎಂದೇ ವರದಿಗಳು ಹೇಳಿದವು. ಹಾಗೇ ನಡೆದಿರಬಹುದು. ಆದರೆ ಹತ್ತು ಪತ್ರಿಕೆಯಲ್ಲಿ ಬಂದರೂ ಅದು ಹತ್ತು ಸಾಕ್ಷಿ ಅಲ್ಲ. ಪೊಲೀಸರ ಒಂದೇ ಹೇಳಿಕೆಯ ಹತ್ತು ಪ್ರತಿ. ದಿನಾಂಕ, ಜಾಗ, ಗಾಯಾಳುಗಳ ಸಂಖ್ಯೆಗೆ ಸುದ್ದಿಪಟ್ಟಿ ಸಾಕು. 'ಯಾಕೆ' ಅನ್ನೋ ಕಾಲಂ ತುಂಬಿದ ಕೂಡಲೇ ಅನಧಿಕೃತ ಪಟ್ಟಿಯೂ ಅಧಿಕೃತವೇ ಆಗಿಬಿಡುತ್ತದೆ.

ದಾಟೋ ದಾರಿ ಇದೆ, ಶ್ರಮದ್ದು. ಪೊಲೀಸರ ಮೇಲೆ ಹಲ್ಲೆ ಅಂದಮೇಲೆ ಎಫ್‌ಐಆರ್ ಇರುತ್ತದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯವಾಗಿ ಸೆಕ್ಷನ್ 109, 132. ಆಸ್ಪತ್ರೆಯಲ್ಲಿ ಗಾಯದ ದಾಖಲೆ ಇರುತ್ತದೆ: ಗುಂಡು ಎಷ್ಟು ದೂರದಿಂದ, ಮುಂದಿನಿಂದಲೋ ಹಿಂದಿನಿಂದಲೋ. ಆ ಪೊಲೀಸ್ ಸಿಬ್ಬಂದಿಗೆ ಆದ ಗಾಯವೂ ಅಲ್ಲೇ ಬರೆದಿರುತ್ತದೆ, ಅದನ್ನೂ ಬಿಡಬಾರದು. ಗುಂಡು ಹಾರಿದ ದಿನ ಮೊದಲ ಪುಟದಲ್ಲಿದ್ದ ಸುದ್ದಿಯ ಬೆನ್ನು ಹತ್ತಿ ಮೂರ್ನಾಲ್ಕು ವರ್ಷದ ನಂತರ ಕೋರ್ಟಿಗೆ ಹೋಗಿ, ಆ ಹಲ್ಲೆ ಕೇಸು ಸಾಬೀತಾಯಿತಾ, ಖುಲಾಸೆಯಾಯಿತಾ ಎಂದು ಪಟ್ಟಿಯ ಕೊನೆಯ ಕಾಲಂನಲ್ಲಿ ಬರೆಯುವವರು ಬೇಕು.